ಎಂಟಕ್ಕ ಚಳಿ ನೋಡಲು ಹೋದದ್ದು

ಥೊಮ್ ಹುಟ್ಟಿದ್ದು ಏಳನೆಯವಳಾಗಿ. ಆದರೆ ಮೆಕಾಂಗ್ ನದಿಯ ಆ ಸೀಮೆಯಲ್ಲಿ ಮನೆಯ ಮೊದಲ ಮಗುವನ್ನೇ ‘ಎರಡು’ ಎಂದು ಕರೆಯುವ ರೂಢಿ. ಹಾಗಾಗಿ ಅವಳು ಎಂಟಾದಳು. ಚಿಕ್ಕವರಿಗೆ ಎಂಟಕ್ಕ, ಇನ್ನೂ ಚಿಕ್ಕವರಿಗೆ ಎಂಟತ್ತೆ. ಥೊಮ್ ಎಂಬ ಹೆಸರು ಗುರುತಿನ ಚೀಟಿಯಲ್ಲಿ ತನ್ನ ಪಾಡಿಗೆ ತಾನಿತ್ತು.

ಮೂವತ್ತೆರಡು ವರ್ಷ ಅವಳು ನದಿಯ ಲಾಂಚಿನಲ್ಲಿ ಟಿಕೆಟ್ ಹರಿದಳು. ಈ ದಡದಿಂದ ಆ ದಡಕ್ಕೆ ಹದಿನೆಂಟು ನಿಮಿಷ, ನೀರು ಏರಿದ್ದರೆ ಇಪ್ಪತ್ತೈದು. ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸರು, ತೆಂಗಿನಕಾಯಿ ಲಾರಿ, ಹಂದಿಮರಿಗಳನ್ನು ಬುಟ್ಟಿಯಲ್ಲಿ ಕಟ್ಟಿಕೊಂಡ ಬೈಕು, ಊರು ಬಿಟ್ಟು ಓಡಿಹೋಗುವ ಪ್ರೇಮಿಗಳು, ಎಲ್ಲರೂ ಅವಳ ಕೈ ದಾಟಿಯೇ ಹೋಗಬೇಕಿತ್ತು. ಇಂಜಿನ್ನಿನ ಗದ್ದಲದ ಮೇಲೆ ಕೂಗಿ ಕೂಗಿ ಅವಳ ದನಿ ಹೇಗಾಗಿತ್ತೆಂದರೆ, ಅವಳು ತನ್ನ ಅಡುಗೆಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು.

ಆಮೇಲೆ ಸೇತುವೆ ಬಂತು. ಉದ್ಘಾಟನೆಯ ದಿನ ಡೋಲು, ಬಲೂನು. ಊರಿಗೆ ಊರೇ ಹೊಸ ಬಟ್ಟೆ ತೊಟ್ಟು ಸೇತುವೆಯ ಮೇಲೆ ನಡೆದಾಡಿತು. ಎಂಟಕ್ಕ ಮಾತ್ರ ಅಂದು ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ತೆಗೆದು ಒಗೆಯುತ್ತ ಕೂತಳು. ಲಾಂಚು ನಿಂತಿತು. ಅವಳಿಗೆ ಒಂದು ಗಡಿಯಾರ, ಒಂದು ಪ್ರಶಸ್ತಿಪತ್ರ, ಒಂದಿಷ್ಟು ಇಡಿಗಂಟು ಸಿಕ್ಕಿತು. ಅವಳು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿಯ ಕಡುಬು ಮಾರತೊಡಗಿದಳು. ವ್ಯಾಪಾರ ಚೆನ್ನಾಗಿಯೇ ಆಯಿತು, ಕೂಗಿ ಮಾರುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಸೇತುವೆಯ ಮೇಲೆ ಕಾಲಿಡಲಿಲ್ಲ. ಆಚೆ ದಡಕ್ಕೆ ಕೆಲಸವಿದ್ದರೆ ಚಿಕ್ಕಪ್ಪನ ಮಗ ರೊಂಗನ ಪುಟ್ಟ ದೋಣಿಯಲ್ಲಿ ಹೋಗಿಬರುತ್ತಿದ್ದಳು.

“ಹತ್ತು ನಿಮಿಷದ ದಾರಿ ಬಿಟ್ಟು ಮುಕ್ಕಾಲು ಗಂಟೆ ದೋಣೀಲಿ ಕೂರ್ತೀಯಲ್ಲಮ್ಮ, ಆ ಸೇತುವೆ ನಿಂಗೇನು ಮಾಡಿದೆ?” ಎಂದು ಮಗಳು ಲಾಯ್ ಕೇಳಿದರೆ, “ಅದು ನಂಗೇನೂ ಮಾಡಿಲ್ಲ, ನಾನೂ ಅದಕ್ಕೇನೂ ಮಾಡಲ್ಲ. ನಮ್ಮಿಬ್ಬರಿಗೂ ಮಾತುಕತೆ ಇಲ್ಲ, ಅಷ್ಟೆ” ಎನ್ನುತ್ತಿದ್ದಳು.

ಅವಳಿಗೆ ಐವತ್ತೆಂಟು ತುಂಬಿದ ವರ್ಷ ಊರಿನ ಮಹಿಳಾ ಸಂಘದವರು ಹನೋಯ್ ಪ್ರವಾಸ ಇಟ್ಟರು. ಎಲ್ಲರಿಗೂ ಕೆಂಪು ಟೋಪಿ, ಮುಂದೆ ಬಾವುಟ ಹಿಡಿದ ಹುಡುಗಿ, ಐದು ದಿನದಲ್ಲಿ ಹದಿನಾಲ್ಕು ಜಾಗ. ಲಾಯ್ ಅಮ್ಮನ ಹೆಸರು ಬರೆಸಲು ಹೊರಟಳು.

“ಬೇಡ” ಎಂದಳು ಎಂಟಕ್ಕ. “ಬಾವುಟದ ಹಿಂದೆ ಬಾತುಕೋಳಿ ಥರ ಹೋಗೋರನ್ನ ನಾನು ಎಷ್ಟು ದಾಟಿಸಿಲ್ಲ? ಪಾಪ, ಉಚ್ಚೆ ಹೊಯ್ಯೋಕೂ ಬಾವುಟ ಕೇಳಬೇಕು ಅವರು. ಹೋದ್ರೆ ನಾನೊಬ್ಬಳೇ ಹೋಗ್ತೀನಿ.”

“ಒಬ್ಬಳೇನಾ? ಅಲ್ಲೇನು ನೋಡ್ತೀಯ?”

“ಚಳಿ.”

ಹಿಂದೆ ಎಂದೋ ಲಾಂಚಿನಲ್ಲಿ ಉತ್ತರದ ಕಡೆಯ ಹೆಂಗಸೊಬ್ಬಳು, ಚಳಿಗಾಲದಲ್ಲಿ ನಮ್ಮೂರಲ್ಲಿ ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ ಎಂದಿದ್ದಳು. ವರ್ಷವಿಡೀ ಬೆವರುವ ಊರಿನಲ್ಲಿ ಹುಟ್ಟಿದ ಎಂಟಕ್ಕನಿಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು.

“ಚಳಿಗೋಸ್ಕರ ಅಷ್ಟು ದೂರ ಯಾಕೆ? ಐಸ್ ಫ್ಯಾಕ್ಟರಿಗೆ ಹೋಗಿ ಕೂತ್ಕೊ” ಎಂದ ಗಂಡ, ತನ್ನ ಹುಂಜದ ರೆಕ್ಕೆಗೆ ನೀರು ಚಿಮುಕಿಸುತ್ತ. ಹುಂಜಗಳನ್ನು ಬಿಟ್ಟು ಅವನು ಬರುವವನೂ ಅಲ್ಲ, ಅವಳನ್ನು ತಡೆಯುವವನೂ ಅಲ್ಲ.

ಜನವರಿಯಲ್ಲಿ, ಹೊಸವರ್ಷದ ಟೆಟ್ ಹಬ್ಬಕ್ಕೆ ಇನ್ನೂ ಮೂರು ವಾರವಿರುವಾಗ, ಅವಳು ಹೊರಟಳು. ಮೂರು ಹಗಲು, ಎರಡು ರಾತ್ರಿ. ನೋಟುಬುಕ್ಕಿನಲ್ಲಿ ತಾನೇ ಬರೆದುಕೊಂಡ ಪಟ್ಟಿ: ಬಾಯಿಂದ ಹೊಗೆ. ಫೋ ಎಂಬ ಶಾವಿಗೆ ಸಾರು ಹುಟ್ಟಿದ ಊರಿನಲ್ಲೇ ಫೋ. ಕೆರೆ. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ: ಒಂದು ದಿನ ಯಾರನ್ನೂ ದಾರಿ ಕೇಳಬಾರದು. ರೊಂಗನ ದೋಣಿಯಲ್ಲಿ ನದಿ ದಾಟಿ, ಆಚೆ ದಡದಲ್ಲಿ ಸೈಗಾನ್ ಬಸ್ಸು ಹತ್ತಿ, ಅಲ್ಲಿಂದ ವಿಮಾನ. ವಿಮಾನದಲ್ಲಿ ಅವಳು ಪಕ್ಕದವನಿಗೆ ಇಡೀ ಹೊತ್ತು ಲಾಂಚಿನ ಕಥೆ ಹೇಳಿದಳು; ಹಿಂದಿನ ನಾಲ್ಕು ಸಾಲಿನವರೂ ಕೇಳಿದರು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಎಂಟಕ್ಕ ಹನೋಯ್ ನಡುವಿನ ಕೆರೆಯ ದಂಡೆಯಲ್ಲಿದ್ದಳು. ಸೈಗಾನಿನ ಹಳೇ ಬಟ್ಟೆ ಸಂತೆಯಲ್ಲಿ ಕೊಂಡ ನೇರಳೆ ಸ್ವೆಟರು, ಅದರ ಮೇಲೆ ಗಂಡನ ಮಳೆಕೋಟು, ಕೊರಳಿಗೆ ಚೌಕುಳಿ ಟವೆಲು. ನೀರಿನ ಮೇಲೆ ಮಂಜು. ಮೂಗಿನ ತುದಿ ತನ್ನದಲ್ಲವೇನೋ ಎನ್ನುವಷ್ಟು ತಣ್ಣಗಾಗಿತ್ತು. ಅವಳು ನಿಂತು, ಬಾಯಿ ಅಗಲಿಸಿ, “ಹಾ...” ಎಂದಳು.

ಹೊಗೆ ಬಂತು.

ಅವಳಿಗೆ ನಗು ತಡೆಯಲಾಗಲಿಲ್ಲ. ಮತ್ತೊಮ್ಮೆ “ಹಾ...” ಎಂದಳು, ಈ ಸಲ ಹೊಟ್ಟೆಯಿಂದ. ಹತ್ತಿರದಲ್ಲಿ ಕೈಕಾಲು ಆಡಿಸುತ್ತಿದ್ದ ಮುದುಕರೊಬ್ಬರು ತಿರುಗಿ ನೋಡಿ, ಇದ್ಯಾವುದೋ ಹೊಸ ಉಸಿರಾಟದ ವ್ಯಾಯಾಮವೆಂದುಕೊಂಡು ಸೊಂಟದ ಮೇಲೆ ಕೈಯಿಟ್ಟು ತಾವೂ “ಹಾ...” ಎಂದರು. ಬೀಸಣಿಗೆ ಹಿಡಿದು ಕುಣಿಯುತ್ತಿದ್ದ ಮೂವರು ಹೆಂಗಸರು ಬಂದು ಸೇರಿಕೊಂಡರು.

“ಎಷ್ಟು ಸಲ ಮಾಡ್ಬೇಕಮ್ಮ ಇದನ್ನ?” ಎಂದು ಒಬ್ಬಾಕೆ ಕೇಳಿದಳು.

“ಸಾಕು ಅನ್ನಿಸೋವರೆಗೂ” ಎಂದಳು ಎಂಟಕ್ಕ.

“ಯಾವುದಕ್ಕೆ ಒಳ್ಳೇದು?”

“ನಂಗಂತೂ ಎಲ್ಲದಕ್ಕೂ ಒಳ್ಳೇದಾಯ್ತು.”

ಪಟ್ಟಿಯಲ್ಲಿ ಎರಡು ಗೆರೆ ಹೊಡೆದುಕೊಂಡು ಅವಳು ಫೋ ಹುಡುಕಿಕೊಂಡು ಹೋದಳು. ಜನ ಸಾಲು ನಿಂತಿದ್ದ ಒಂದು ಅಂಗಡಿ. ಹಂಡೆಯ ಮುಂದೆ ತೋಳು ಮಡಚಿದ ದಪ್ಪನೆಯ ಯಜಮಾನಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಬಟ್ಟಲು ಬಂತು. ತಿಳಿಸಾರು, ಅಕ್ಕಿ ಶಾವಿಗೆ, ದನದ ಮಾಂಸ, ಈರುಳ್ಳಿ ಎಲೆ. ಅಷ್ಟೆ. ಎಂಟಕ್ಕ ಸುತ್ತ ನೋಡಿದಳು. ದಕ್ಷಿಣದಲ್ಲಿ ಫೋ ಜೊತೆ ಒಂದು ಬುಟ್ಟಿ ಸೊಪ್ಪು, ಮೊಳಕೆಕಾಳು, ಸಿಹಿಯಾದ ಕಪ್ಪು ಗೊಜ್ಜು ಇಲ್ಲದಿದ್ದರೆ ಅದನ್ನು ಫೋ ಎನ್ನುವುದಿಲ್ಲ.

“ಅಮ್ಮಾ, ಸೊಪ್ಪು ಮರೆತ್ರಿ!” ಎಂದಳು. ಅಂಗಡಿಯಲ್ಲಿ ಎಲ್ಲರ ಊಟದ ಕಡ್ಡಿಗಳೂ ನಿಂತವು.

“ಏನು ಮರೆತೆ?” ಎಂದಳು ಯಜಮಾನಿ.

“ತುಳಸಿ, ಮೊಳಕೆಕಾಳು, ಗೊಜ್ಜು...”

“ಇಲ್ಲಿ ಫೋ ಮಾರ್ತೀವಿ. ಹಿತ್ತಲು ಮೇಯೋಕೆ ಬೇರೆ ಕಡೆ ಹೋಗ್ಬೇಕು.”

ಎಲ್ಲರೂ ನಕ್ಕರು. ಎಂಟಕ್ಕನೂ ನಕ್ಕಳು, ಬೈಗುಳವನ್ನು ಬಿಸಿಬಿಸಿಯಾಗಿ ಕೊಡುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಗೌರವ. ಒಂದು ಗುಟುಕು ಸಾರು ಕುಡಿದಳು. ಮತ್ತೊಂದು ಕುಡಿದಳು. ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿದು, “ನೀವು ಹೇಳಿದ್ದೇ ಸರಿ. ಇದಕ್ಕೆ ಸೊಪ್ಪು ಹಾಕಿದ್ರೆ ಪಾಪ ಬರುತ್ತೆ” ಎಂದಳು. ಯಜಮಾನಿ ಹಂಡೆಯ ಮುಚ್ಚಳ ತೆಗೆದಳು. ಎರಡು ಚೂರು ಮಾಂಸ, ಅರ್ಧ ಸೌಟು ಸಾರು ಸುಮ್ಮನೆ ಆ ಬಟ್ಟಲಿಗೆ ಬಂದು ಬಿದ್ದವು.

ಇನ್ನು ಉಳಿದದ್ದು ದಾರಿ ಕೇಳದ ದಿನ. ಹಳೇ ಪೇಟೆಯಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಬೀದಿ: ತಗಡಿನ ಬೀದಿ, ಕಾಗದದ ಬೀದಿ, ರೇಷ್ಮೆಯ ಬೀದಿ. ಎಂಟಕ್ಕ ಲೆಕ್ಕ ಹಾಕಿದಳು: ಸುತ್ತಿಗೆ ಸದ್ದು ಕೇಳಿದರೆ ಎಡಕ್ಕೆ, ಧೂಪದ ವಾಸನೆ ಬಂದರೆ ಬಲಕ್ಕೆ. ಲೆಕ್ಕ ಚೆನ್ನಾಗಿತ್ತು, ಆದರೆ ಸುತ್ತಿಗೆ ಮೂರು ಕಡೆ ಬಡಿಯುತ್ತಿತ್ತು. ಹತ್ತೂವರೆಯ ಹೊತ್ತಿಗೆ ಅವಳು ಅದೇ ಬೀಗದ ಅಂಗಡಿ, ಅದೇ ಆಲದ ಮರ, ಮರದ ಕೆಳಗಿನ ಅದೇ ಚಹಾದ ಮುದುಕಿಯನ್ನು ಮೂರು ಸಲ ದಾಟಿದ್ದಳು. ಅಷ್ಟರಲ್ಲಿ ಮಗಳ ಫೋನು.

“ಅಮ್ಮ, ಎಲ್ಲಿದೀಯ?”

“ಎಲ್ಲಿದೀನೋ ಗೊತ್ತಿಲ್ಲ ಕಣೆ. ಆದ್ರೆ ಚೆನ್ನಾಗಿದೆ!”

ನಾಲ್ಕನೆಯ ಸಲ ಆಲದ ಮರ ಬಂದಾಗ ಚಹಾದ ಮುದುಕಿ ಒಂದು ಪುಟ್ಟ ಪ್ಲಾಸ್ಟಿಕ್ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದಳು. “ಕೂತ್ಕೊ. ನಿಂಗೆ ಬೇಡದಿದ್ರೂ ಕಾಲಿಗೆ ಬೇಕಾಗಿರುತ್ತೆ.”

ಅವಳ ಹೆಸರು ಲುವಾ. ಕಡ್ಡಿಯಂಥ ಮೈ, ಕಪ್ಪು ಉಣ್ಣೆಯ ಟೋಪಿ, ಬಾಯಲ್ಲಿ ಎಲೆಅಡಿಕೆ. ಚಹಾದ ಪಾತ್ರೆಯನ್ನು ತಣ್ಣಗಾಗದಂತೆ ಹತ್ತಿ ತುಂಬಿದ ಬುಟ್ಟಿಯೊಳಗೆ ಕೂಸಿನ ಹಾಗೆ ಮಲಗಿಸಿದ್ದಳು. ಮೊದಲು ವಯಸ್ಸು ಕೇಳಿದಳು. ತನಗೆ ಅರವತ್ತನಾಲ್ಕು, ಹಾಗಾಗಿ ತಾನು ಅಕ್ಕ, ನೀನು ತಂಗಿ ಎಂದು ತೀರ್ಮಾನಿಸಿದಳು. ಆಮೇಲೆ ಹೆಸರು.

“ನಮ್ಮ ಕಡೆ ಎಂಟು ಅಂತ ಕರೀತಾರೆ. ನಾನು ಏಳನೇ ಮಗಳು.”

“ಏಳನೇ ಮಗಳು ಎಂಟು ಹೇಗಾಗ್ತಾಳೆ?”

“ಮೊದಲನೇದೇ ಎರಡು ಅಲ್ವಾ?”

“ಹಂಗಾದ್ರೆ ಒಂದು ಎಲ್ಲಿ ಹೋಯ್ತು?”

ಎಂಟಕ್ಕ ಬೆರಳು ಮಡಚಿ ಎಣಿಸಿ ನೋಡಿದಳು. “ಗೊತ್ತಿಲ್ಲಕ್ಕ. ನಾವ್ಯಾರೂ ಹುಡುಕೋಕೆ ಹೋಗಿಲ್ಲ.”

ಚಹಾ ಕಹಿಯಾಗಿತ್ತು, ನಾಲಿಗೆ ಸುಟ್ಟಿತು, ಹಿತವಾಗಿತ್ತು. ಈ ಮುದುಕಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿ ಎಂಟಕ್ಕ, “ನೀವು ಎಷ್ಟು ಓಮ್ ಇದೀರಕ್ಕ!” ಎಂದಳು.

ಲುವಾಳ ಕೈಯಲ್ಲಿದ್ದ ಲೋಟ ನಿಂತಿತು. “ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ನೋಡಿದ್ರೇ ಗೊತ್ತಾಗುತ್ತೆ.”

“ನೋಡಿದ್ರೇ ಗೊತ್ತಾಗುತ್ತಾ?” ಲುವಾ ಹಣೆ ಮುಟ್ಟಿಕೊಂಡಳು, ನಾಲಿಗೆ ಹೊರಚಾಚಿ ಚಹಾದ ತಟ್ಟೆಯಲ್ಲಿ ನೋಡಿಕೊಂಡಳು. ಬೀಗದ ಅಂಗಡಿಯವನ ಕಡೆ ತಿರುಗಿ, “ನಾನು ಓಮ್ ಥರ ಕಾಣ್ತೀನೇನೋ?” ಎಂದು ಕೂಗಿದಳು.

“ಇಲ್ಲಜ್ಜಿ, ಬೆಳಿಗ್ಗೆಯಿಂದ ನಾಲ್ಕು ಜನಕ್ಕೆ ಬೈದಿದೀರಿ, ಗಟ್ಟಿಯಾಗೇ ಇದೀರಿ” ಎಂದನವನು. ಆಮೇಲೆ ಎಂಟಕ್ಕನ ಮಾತಿನ ಧಾಟಿ ಗುರುತಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತ ಬಿಡಿಸಿ ಹೇಳಿದ: ದಕ್ಷಿಣದವರಿಗೆ ಓಮ್ ಎಂದರೆ ತೆಳ್ಳಗಿರುವವರು, ಉತ್ತರದಲ್ಲಿ ಅದೇ ಮಾತಿಗೆ ಕಾಯಿಲೆ ಬಿದ್ದವರು.

“ಅಯ್ಯೋ ನಿನ್ನ!” ಎಂದು ಲುವಾ ಎಂಟಕ್ಕನ ತೊಡೆಗೆ ಫಟ್ಟನೆ ಬಾರಿಸಿದಳು. “ಮನಸ್ಸಲ್ಲೇ ಶವಪೆಟ್ಟಿಗೆಗೆ ಮರ ಆರಿಸ್ತಾ ಇದ್ದೆ ನಾನು!”

ಅಲ್ಲಿಂದ ಮಾತು ನಿಲ್ಲಲಿಲ್ಲ. ಮೂರನೆಯ ಲೋಟಕ್ಕೆ ಬರುವ ಹೊತ್ತಿಗೆ ಎಂಟಕ್ಕ ತನ್ನ ಲಾಂಚಿನ ಕಥೆ ಶುರು ಮಾಡಿದ್ದಳು, ಸೇತುವೆಯ ಕಥೆಯನ್ನೂ. ಕೇಳುತ್ತ ಕೇಳುತ್ತ ಲುವಾಳ ಮುಖ ಬಿಗಿಯಿತು.

“ಓಹೋ, ಲಾಂಚಿನ ಟಿಕೆಟಿನವಳಾ ನೀನು? ನಿಮ್ಮ ಜಾತಿ ನಂಗೊತ್ತು.”

“ಯಾಕಕ್ಕ, ನಾವೇನು ಮಾಡಿದ್ವಿ?”

“ಯುದ್ಧದಲ್ಲಿ ಈ ನಮ್ಮ ಲಾಂಗ್ ಬಿಯೆನ್ ಸೇತುವೆ ಮೇಲೆ ಬಾಂಬು ಬೀಳ್ತಿತ್ತು ನೋಡು, ಆಗ ನನಗೆ ಹದಿನೆಂಟು. ನದಿ ಆಚೆ ಹೋಗಿ ಮಾರೋಕೆ ಎರಡು ಬುಟ್ಟಿ ನವಿಲುಕೋಸು ಕೊಂಡ್ಕೊಂಡು, ವಾಪಸು ಬರೋಕೆ ದೋಣಿಗೆ ಕಾಯ್ಬೇಕಿತ್ತು. ಬೆಳಿಗ್ಗೆ ನಾಲ್ಕಕ್ಕೆ ಸಾಲು ನಿಂತ್ರೆ ಒಂಬತ್ತಕ್ಕೆ ಸರದಿ. ಮುಂದೆ ನಿನ್ನಂಥವಳೊಬ್ಬಳು, ಮೂಗು ಆಕಾಶಕ್ಕೆ! ‘ತುಂಬಿತು, ಹಿಂದೆ ಸರೀರಿ!’ ಈಗ್ಲೂ ಕಿವೀಲಿದೆ.”

“ತುಂಬಿದ್ರೆ ತುಂಬಿತು ಅನ್ಬೇಕಲ್ವಾ? ಮುಳುಗಿಸ್ಬೇಕಿತ್ತಾ?”

“ಸೇತುವೆ ರಿಪೇರಿಯಾದ ದಿನ ನಾವೇನು ಮಾಡಿದ್ವಿ ಗೊತ್ತಾ? ಬುಟ್ಟಿ ಹೊತ್ಕೊಂಡೇ ಓಡಿದ್ವಿ. ಈ ಕಡೆಯಿಂದ ಆ ಕಡೆ, ಸುಮ್ನೆ, ಮಾರೋಕೂ ಅಲ್ಲ. ನಮ್ಮಮ್ಮ ಆ ಕಬ್ಬಿಣಕ್ಕೆ ಮುತ್ತು ಕೊಟ್ಟಳು. ನೀನು ಸೇತುವೆ ಮೇಲೆ ಮುನಿಸ್ಕೊಂಡು ಕೂತಿದೀಯ!”

ಎಂಟಕ್ಕ ಲೋಟ ಕೆಳಗಿಟ್ಟಳು. ಮೂವತ್ತೆರಡು ವರ್ಷ ತಾನು “ತುಂಬಿತು, ಹಿಂದೆ ಸರೀರಿ” ಎಂದು ಕೂಗಿದ್ದು ಎಷ್ಟು ಸಲವೋ. ಲಾಂಚು ಹೊರಟ ಮೇಲೆ ದಡದಲ್ಲಿ ಉಳಿದವರ ಕಡೆ ಅವಳು ತಿರುಗಿ ನೋಡಿದ್ದಿಲ್ಲ. ಅವಳ ಕೆಲಸ ಹತ್ತಿದವರ ಜೊತೆಗಿತ್ತು.

“ನಿಮ್ಮ ಆ ಸೇತುವೆ ಎಲ್ಲಿದೆ?” ಎಂದಳು ಕೊನೆಗೆ.

“ಬಾ, ತೋರಿಸ್ತೀನಿ.”

“ಬೇಡ! ಇವತ್ತು ಯಾರನ್ನೂ ದಾರಿ ಕೇಳಬಾರದು ಅಂತ ಬರ್ಕೊಂಡಿದೀನಿ. ನಾನೇ ಹುಡುಕ್ತೀನಿ.”

“ಹುಡುಕು. ನಾನು ಹಿಂದೆ ಬರ್ತೀನಿ. ಬಾಯಿ ಬಿಡಲ್ಲ.” ಲುವಾ ಸ್ಟೂಲುಗಳನ್ನು ಒಂದರೊಳಗೊಂದು ಪೇರಿಸಿ, ಚಹಾದ ಬುಟ್ಟಿಯನ್ನು ಬೀಗದವನ ವಶಕ್ಕೆ ಕೊಟ್ಟು ಎದ್ದೇ ಬಿಟ್ಟಳು. “ನಾಲ್ಕು ಸಲ ಸುತ್ತಿದವಳು ಐದನೇ ಸಲ ಹೇಗೆ ಹೋಗ್ತಾಳೆ, ನೋಡೇಬಿಡೋಣ.”

ಹೀಗೆ ಆ ಊರಿಗೆ ಮೊದಲ ಸಲ ಬಂದವಳು ಮುಂದೆ, ಆ ಊರಿನಲ್ಲೇ ಹುಟ್ಟಿ ಬೆಳೆದವಳು ಹಿಂದೆ. ನಡೆದರೆ ಹದಿನೈದು ನಿಮಿಷದ ದಾರಿಗೆ ಅವರಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಎಂಟಕ್ಕ ಒಂದು ಓಣಿಗೆ ನುಗ್ಗಿದಳು. ಅದು ಯಾರದೋ ಅಡುಗೆಮನೆಯಲ್ಲಿ ಮುಗಿಯಿತು, ಒಲೆಯ ಮುಂದಿದ್ದ ಹೆಂಗಸು ಇಬ್ಬರಿಗೂ ಒಂದೊಂದು ಕರಿದ ಹೂರಣಗಡುಬು ಕೊಟ್ಟು ಕಳಿಸಿದಳು. ಇನ್ನೊಂದು ಓಣಿಯ ತುದಿಯಲ್ಲಿ ಪುಟ್ಟ ಗುಡಿ, ಅಂಗಳದಲ್ಲಿ ಮೊಗ್ಗು ಬಿಟ್ಟ ಪೀಚ್ ಗಿಡ. ಲುವಾ ಬಾಯಿ ತೆರೆದು ನಿಂತುಬಿಟ್ಟಳು.

“ಅರವತ್ತನಾಲ್ಕು ವರ್ಷ ಇಲ್ಲೇ ಇದೀನಿ. ಇದನ್ನ ನೋಡೇ ಇಲ್ಲ!”

“ಬಾಯಿ ಬಿಡಲ್ಲ ಅಂದಿದ್ರಿ” ಎಂದಳು ಎಂಟಕ್ಕ.

“ದಾರಿ ಬಗ್ಗೆ ಬಿಡಲ್ಲ ಅಂದೆ. ಗುಡಿ ಬಗ್ಗೆ ಅಲ್ಲ.”

ಕೊನೆಗೆ ಎಂಟಕ್ಕ ಮೂಗು ಮೇಲೆತ್ತಿ ಗಾಳಿ ಹೀರಿದಳು. “ನದಿ” ಎಂದಳು. ಹೊಳೆಯ ವಾಸನೆಯನ್ನು ಅವಳಿಗೆ ಯಾರೂ ತೋರಿಸಿಕೊಡಬೇಕಿರಲಿಲ್ಲ. ಅಲ್ಲಿಂದ ಒಂದು ತಪ್ಪೂ ಮಾಡದೆ, ಮಾರುಕಟ್ಟೆಯ ಮಗ್ಗುಲಿನಿಂದ, ರೈಲು ನಿಲ್ದಾಣದ ಮೆಟ್ಟಿಲು ಹತ್ತಿ, ನೇರವಾಗಿ ಸೇತುವೆಯ ಬಾಯಿಗೆ ಬಂದು ನಿಂತಳು.

ತುಕ್ಕು ಹಿಡಿದ ಹಳೆಯ ಕಬ್ಬಿಣ, ಮಧ್ಯದಲ್ಲಿ ರೈಲು ಹಳಿ, ಎರಡು ಪಕ್ಕ ಬೈಕು ಸೈಕಲ್ಲುಗಳು, ಅಂಚಿನಲ್ಲಿ ಒಬ್ಬರು ನಡೆಯುವಷ್ಟು ಕಾಲುದಾರಿ. ಕಾಲಡಿಯ ಸಿಮೆಂಟ್ ಹಾಸುಗಳ ಸಂದಿಯಲ್ಲಿ ಕೆಳಗಿನ ನೀರು ಕಾಣುತ್ತಿತ್ತು. ಎಂಟಕ್ಕ ಬಲಗಾಲಿಟ್ಟಳು, ತೆಗೆದಳು.

“ಏನಾಯ್ತು?”

“ನೀರಿನ ಮೇಲೆ ಬೆಳೆದವಳು ನಾನು. ಆದ್ರೆ ಇಷ್ಟು ಮೇಲಿಂದ ಯಾವತ್ತೂ ನೋಡಿಲ್ಲಕ್ಕ. ನಾಳೆ ದಾಟೋಣ.”

“ಓಮ್ ಆದ್ಯಾ?” ಎಂದಳು ಲುವಾ.

ಎಂಟಕ್ಕ ನಗುತ್ತಲೇ ಮುಂದಿನ ಹೆಜ್ಜೆ ಇಟ್ಟಳು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಲುವಾಳ ತೋಳಿನ ಮೇಲೆ. ನಡುಭಾಗಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ರೈಲು ಬಂತು. ಇಡೀ ಸೇತುವೆ ಜೋಲಿಯಂತೆ ತೂಗಿತು, ಹಲ್ಲುಗಳು ಕಟಕಟಿಸಿದವು. ಎಂಟಕ್ಕ ಕಣ್ಣು ಮುಚ್ಚಿ ಇದ್ದಷ್ಟು ದನಿ ತೆಗೆದು ಕಿರುಚಿದಳು. ರೈಲಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಒಬ್ಬ ಕೈಬೀಸಿದ.

“ಅಬ್ಬಾ! ಆ ಕಾಲದಲ್ಲಿ ನೀನಿದ್ದಿದ್ರೆ ಸೈರನ್ನೇ ಬೇಕಾಗಿರಲಿಲ್ಲ” ಎಂದಳು ಲುವಾ.

ರೈಲು ಹೋದ ಮೇಲೆ ಇಬ್ಬರೂ ಅಲ್ಲೇ ನಿಂತು, ಕಂಬಿಯ ಪಕ್ಕ ಕೆಂಡ ಇಟ್ಟುಕೊಂಡು ಕೂತಿದ್ದವಳ ಹತ್ತಿರ ಸುಟ್ಟ ಜೋಳ ಕೊಂಡರು. ಕೆಳಗೆ ಕೆಂಪು ನದಿ. ನಡುವಿನ ನಡುಗಡ್ಡೆಯಲ್ಲಿ ಬಾಳೆತೋಟ, ಒಂದು ಮರಳಿನ ದೋಣಿ ನಿಧಾನಕ್ಕೆ ಹೋಗುತ್ತಿತ್ತು. ಸೇತುವೆಯ ಮೇಲೆ ನವಿಲುಕೋಸು, ಹೂವು, ಕೋಳಿ, ಮಕ್ಕಳು, ಗ್ಯಾಸ್ ಸಿಲಿಂಡರು ಎಲ್ಲ ಹಾದುಹೋಗುತ್ತಿದ್ದವು. ಯಾರೂ ಕಾಯುತ್ತಿರಲಿಲ್ಲ, ಯಾರೂ ಯಾರಿಗೂ ಹಿಂದೆ ಸರಿಯಿರಿ ಎನ್ನುತ್ತಿರಲಿಲ್ಲ. ಎಂಟಕ್ಕ ಕೈಯಲ್ಲಿದ್ದ ಜೋಳ ತಣ್ಣಗಾಗುವವರೆಗೂ ನೋಡುತ್ತ ನಿಂತಳು. ಅವಳನ್ನು ಬಲ್ಲವರು ಯಾರಾದರೂ ಅಲ್ಲಿದ್ದಿದ್ದರೆ ಗಾಬರಿಯಾಗುತ್ತಿದ್ದರು.

“ನಾನು ಲಾಂಚು ಹೋಯ್ತು ಅಂತ ಅಳಲಿಲ್ಲಕ್ಕ” ಎಂದಳು ಆಮೇಲೆ, ಅವಳ ಮಟ್ಟಿಗೆ ಮೆಲ್ಲಗೆ. “ದಿನಾ ಸಾವಿರ ಜನ ನನ್ನ ಮುಖ ನೋಡೋರು. ಮಾರನೇ ದಿನ ಒಬ್ಬರೂ ಇಲ್ಲ. ಎಂಟಕ್ಕ ಎಲ್ಲಿ ಅಂತ ಒಬ್ಬರಾದ್ರೂ ಕೇಳ್ತಾರೇನೋ ಅಂದ್ಕೊಂಡಿದ್ದೆ. ಎಲ್ಲಾ ಸೇತುವೆ ಮೇಲೆ ಹೊರಟುಹೋದ್ರು.”

ಲುವಾ ಜೋಳದ ಕಾಳು ಬಿಡಿಸುತ್ತಿದ್ದವಳು ಒಂದು ಹಿಡಿ ತೆಗೆದು ಅವಳ ಅಂಗೈಗೆ ಹಾಕಿದಳು. “ನಾನು ಹತ್ತಿರ ಹತ್ತಿರ ಐವತ್ತು ವರ್ಷದಿಂದ ಆ ಟಿಕೆಟಿನವಳಿಗೆ ಬೈತಾನೇ ಇದೀನಿ. ಅವಳ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರೆತೋರು ಯಾರು?”

ಎಂಟಕ್ಕ ಮೊದಲು ನಕ್ಕಳು, ನಗುತ್ತ ನಗುತ್ತ ಟವೆಲಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಆಚೆ ದಡದವರೆಗೂ ನಡೆದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಂದೊಂದು ಸುಟ್ಟ ಗೆಣಸು ತಿಂದು ವಾಪಸು ನಡೆದರು.

ಮೂರನೆಯ ದಿನ ಎಂಟಕ್ಕ ಎಲ್ಲಿಗೂ ಹೋಗಲಿಲ್ಲ. ಆಲದ ಮರದ ಕೆಳಗೆ ಕೂತು ಚಹಾ ಮಾರಿದಳು. ಅವಳು “ಬಿಸಿ ಚಹಾ!” ಎಂದು ಕೂಗಿದ್ದಕ್ಕೆ ಬೀಗದ ಅಂಗಡಿಯವನ ಕೈಯಿಂದ ಬೀಗ ಬಿತ್ತು, ಆದರೆ ಹನ್ನೊಂದು ಗಂಟೆಗೇ ಪಾತ್ರೆ ಖಾಲಿಯಾಗಿ ಲುವಾ ಎರಡನೇ ಸಲ ನೀರು ಕಾಯಿಸಬೇಕಾಯಿತು.

ಹಿಂದಿರುಗುವಾಗ ಸೈಗಾನ್ ಬಸ್ಸು ಊರಿನ ಸೇತುವೆಯ ಹತ್ತಿರ ನಿಧಾನಿಸಿತು. ಕಂಡಕ್ಟರನಿಗೆ ಅಭ್ಯಾಸ: “ಎಂಟತ್ತೆ, ಇಳೀರಿ” ಎಂದ. ಕೆಳಗೆ ದಡದಲ್ಲಿ ರೊಂಗ್ ದೋಣಿ ಕಟ್ಟಿಕೊಂಡು ಕಾಯುತ್ತಿದ್ದ. ಎಂಟಕ್ಕ ಕೂತೇ ಇದ್ದಳು. ಬಸ್ಸು ಸೇತುವೆ ಏರಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, “ರೊಂಗಾ! ನೀನು ಹೋಗೋ! ನಾನು ಮೇಲಿದೀನಿ!” ಎಂದು ಕೂಗಿದಳು. ಎರಡೂ ದಡದವರಿಗೂ ಕೇಳಿಸಿತು. ಅವತ್ತು ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಈಗಲೂ ಅವಳು ಆಗಾಗ ರೊಂಗನ ದೋಣಿಯಲ್ಲಿ ಹೋಗುವುದುಂಟು. ಕೋಪಕ್ಕಲ್ಲ, ಹಾದಿಯಲ್ಲಿ ಹರಟೆಗೆ ಹೊತ್ತು ಸಿಗುತ್ತದೆಂದು.

ಮುಂದಿನ ಏಪ್ರಿಲ್‌ನಲ್ಲಿ, ಹುಟ್ಟಿದಾಗಿನಿಂದ ಹನೋಯ್ ಬಿಟ್ಟು ಕದಲದ ಲುವಾ ಒಬ್ಬಳೇ ದಕ್ಷಿಣಕ್ಕೆ ಬಂದಿಳಿದಳು, ನಾಲ್ಕು ದಿನಕ್ಕೆಂದು. ಬಂದ ಗಳಿಗೆಯಿಂದ ಬೈಗುಳ: ಇದೇನು ಬಿಸಿಲು, ಇದೇನು ಸೊಳ್ಳೆ, ಇದೇನು ಊಟ! ಎಂಟಕ್ಕ ತೆಂಗಿನ ನೀರಿನಲ್ಲಿ ಬೇಯಿಸಿದ ಮೀನಿನ ಮಡಕೆಯನ್ನು ಮುಂದಿಟ್ಟಳು.

“ಮೀನಿಗೂ ಸಕ್ಕರೆನಾ? ನಿಮ್ಮೂರಲ್ಲಿ ಸಕ್ಕರೆ ಹಾಕದೇ ಇರೋದು ಯಾವುದಕ್ಕೆ?”

“ನಿಮ್ಮ ನಾಲಿಗೆಗೆ ಮಾತ್ರ” ಎಂದಳು ಎಂಟಕ್ಕ. “ಇವತ್ತು ಅದಕ್ಕೂ ಸ್ವಲ್ಪ ಹಾಕೋಣ ಅಂತಿದೀನಿ.”

ಲುವಾ ಮೂತಿ ಸೊಟ್ಟ ಮಾಡಿಕೊಂಡೇ ಮಡಕೆ ಖಾಲಿ ಮಾಡಿದಳು. ಐದನೆಯ ದಿನ ಅವಳು ಎಂಟಕ್ಕನ ಗಂಡನ ಹುಂಜವೊಂದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಲಾಯ್ ಬಂದು, “ದೊಡ್ಡಮ್ಮ, ನಿಮ್ಮ ಟಿಕೆಟ್ ನಿನ್ನೇದಲ್ವಾ?” ಎಂದು ಕೇಳಿದಳು.

“ಗೊತ್ತು ಕಣೆ” ಎಂದಳು ಲುವಾ. “ಇವತ್ತು ಮಧ್ಯಾಹ್ನಕ್ಕೆ ಮೀನು ಮಾಡ್ತಾಳಾ ಕೇಳು.”